ಮೊದಲ ಹೋಮ್ ಸರ್ವರ್: ಪ್ರೊಸೆಸರ್ ಆಮೇಲೆ, ಕರೆಂಟ್ ಮತ್ತು ಐಪಿ ಮೊದಲು

ನಿಮ್ಮ ಪ್ರಶ್ನೆ ಇಷ್ಟು: 25 ಸಾವಿರದೊಳಗೆ ಮನೆಯಲ್ಲೊಂದು ಸರ್ವರ್ ಆಗಬೇಕು. ಮಗಳು ಮತ್ತು ಅವಳ ನಾಲ್ಕೈದು ಗೆಳತಿಯರು ಅದರಲ್ಲಿ ಮೈನ್‌ಕ್ರಾಫ್ಟ್ ಆಡಬೇಕು, ಮನೆಯಲ್ಲಿರುವ ಡಿವಿಡಿಗಳು, ಮದುವೆ ವಿಡಿಯೊ, ಫೋಟೊ ಎಲ್ಲ ಟಿವಿಯಲ್ಲಿ ಕಾಣಬೇಕು. ರಾಸ್ಪ್‌ಬೆರಿ ಪೈ (ಅಂಗೈಯಷ್ಟು ಸಣ್ಣ ಕಂಪ್ಯೂಟರ್) ಸಾಕಾ, ನ್ಯಾಸ್ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಬೇಕಾ, ಮೂಲೆಯಲ್ಲಿರುವ ಹಳೇ ಗೇಮಿಂಗ್ ಪಿಸಿಯೇ ಆದೀತಾ?

ಮೂರೂ ಬೇಡ. ಆಫೀಸುಗಳಿಂದ ಹೊರಬೀಳುವ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಗೊಳ್ಳಿ. ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಲೆನೊವೊ ಥಿಂಕ್‌ಸೆಂಟರ್ ಟೈನಿ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಯಾವುದಾದರೂ ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಸಿಗುತ್ತವೆ. ಇಂಟೆಲ್ 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು, 16 ಜಿಬಿ ರ್‍ಯಾಮ್, ಒಳಗೊಂದು 256 ಜಿಬಿ ಎಸ್‌ಎಸ್‌ಡಿ ಇರಲಿ. ಐ5-8500ಟಿ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ: 6 ಕೋರ್, 35 ವಾಟ್ ವರ್ಗದ ಚಿಪ್, ಜೊತೆಗೆ ವಿಡಿಯೊ ಪರಿವರ್ತನೆಗೆ ಕ್ವಿಕ್‌ಸಿಂಕ್. ಉಳಿದ ದುಡ್ಡು ಡಿಸ್ಕಿಗೂ ಯುಪಿಎಸ್‌ಗೂ ಬೇಕಾಗುತ್ತದೆ.

ಪೈ ಕೆಟ್ಟದ್ದೇನಲ್ಲ. ಆದರೆ ಪೈ 5ರಲ್ಲಿ ಹಾರ್ಡ್‌ವೇರ್ ವಿಡಿಯೊ ಎನ್‌ಕೋಡರ್ (ವಿಡಿಯೊವನ್ನು ಬೇರೆ ರೂಪಕ್ಕೆ ಬದಲಿಸುವ ಚಿಪ್‌ನ ಭಾಗ) ಇಲ್ಲವೇ ಇಲ್ಲ, ಟಿವಿಗೆ ಒಗ್ಗದ ಫೈಲ್ ಬಂದ ಕೂಡಲೇ ಅದು ಏದುಸಿರು ಬಿಡುತ್ತದೆ. ರೆಡಿಮೇಡ್ ನ್ಯಾಸ್‌ನಲ್ಲಿ ಆ ಬೆಲೆಗೆ ಸಿಗುವ ಪ್ರೊಸೆಸರ್ ಮೈನ್‌ಕ್ರಾಫ್ಟ್‌ಗೆ ಸಾಲದು. ಇನ್ನು ಹಳೇ ಗೇಮಿಂಗ್ ಪಿಸಿ. ಸುಮ್ಮನೆ ಕೂತಾಗಲೂ ಅದು 70 ವಾಟ್ ಎಳೆಯುತ್ತದೆ ಅಂದುಕೊಳ್ಳಿ, ತಿಂಗಳಿಗೆ 50 ಯೂನಿಟ್ ಆಯಿತು. ಮಿನಿ ಪಿಸಿ ಸರಾಸರಿ 12 ವಾಟ್ ಎಳೆದರೆ 9 ಯೂನಿಟ್‌ಗೂ ಕಮ್ಮಿ. ಗೃಹಜ್ಯೋತಿಯಲ್ಲಿರುವ ಮನೆಯಾದರೆ ಈ ವ್ಯತ್ಯಾಸ ಇನ್ನೂ ಮುಖ್ಯ, 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮ ತಲೆಗೇ. ಅಂದಹಾಗೆ, ಗೇಮ್ ಸರ್ವರ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಡ. ಚಿತ್ರ ಬಿಡಿಸುವುದು ಆಡುವವರ ಫೋನು, ಲ್ಯಾಪ್‌ಟಾಪ್. ಸರ್ವರ್ ಇಡುವುದು ಲೆಕ್ಕ ಮಾತ್ರ.

ಈಗ ಕರೆಂಟಿನ ವಿಷಯ. ನಾನಿರುವುದು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಅಂತ ಇಲ್ಲಿ ಯಾರೂ ಲೆಕ್ಕ ಇಡುವುದಿಲ್ಲ. ಯೂಟ್ಯೂಬ್‌ನ ಅಮೆರಿಕದ ವಿಡಿಯೊಗಳು ಹತ್ತು ನಿಮಿಷ ರ್‍ಯಾಕು, ಸ್ವಿಚ್ಚು ತೋರಿಸಿ ಯುಪಿಎಸ್ ಬಗ್ಗೆ ಒಂದು ಮಾತಲ್ಲಿ ಮುಗಿಸುತ್ತವೆ. ನಮ್ಮಲ್ಲಿ ಅದು ತಿರುಗುಮುರುಗಾಗಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದೆ ಒಂದು ಸಣ್ಣ ಸ್ವಿಚ್ ಇದೆಯಾ ನೋಡಿ, ಯುಪಿಎಸ್ ಮೋಡ್ ಮತ್ತು ನಾರ್ಮಲ್ ಮೋಡ್ ಅಂತ. ಅದು ಯುಪಿಎಸ್ ಮೋಡಿನಲ್ಲಿದ್ದರೆ ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಸಂದಿನಲ್ಲಿ ಸರ್ವರ್ ಆಫ್ ಆಗುವುದಿಲ್ಲ. ಇನ್ವರ್ಟರ್ ಇಲ್ಲದಿದ್ದರೆ 600 ವಿಎ ಯುಪಿಎಸ್ ಸಾಕು. ರೂಟರ್ ಮತ್ತು ಫೈಬರ್ ಡಬ್ಬವನ್ನೂ ಅದಕ್ಕೇ ಹಾಕಿ, ಇಲ್ಲದಿದ್ದರೆ ಸರ್ವರ್ ಎಚ್ಚರವಿದ್ದೂ ಯಾರಿಗೂ ಸಿಗುವುದಿಲ್ಲ. ಗುಡುಗು ಬಂದರೆ ಪ್ಲಗ್ ಕೀಳುವ ಮಲೆನಾಡಿನ ಅಭ್ಯಾಸ ಸರ್ವರ್‌ಗೂ ಅನ್ವಯ. ಆದರೆ ಮೊದಲು ಸರಿಯಾಗಿ ಶಟ್‌ಡೌನ್ ಮಾಡಿ.

ಬಯಾಸ್‌ನಲ್ಲಿ (ಮಷೀನು ಏಳುವಾಗ ಮೊದಲು ಓಡುವ ಒಳ ಪ್ರೋಗ್ರಾಂ) ಒಂದು ಸೆಟ್ಟಿಂಗ್ ಬದಲಿಸಬೇಕು. ಡೆಲ್‌ನಲ್ಲಿ ಅದರ ಹೆಸರು ಎಸಿ ರಿಕವರಿ, ಲೆನೊವೊ, ಎಚ್‌ಪಿಯಲ್ಲಿ ಆಫ್ಟರ್ ಪವರ್ ಲಾಸ್. ಅದನ್ನು ಪವರ್ ಆನ್ ಮಾಡಿದರೆ ಕರೆಂಟ್ ಬಂದ ತಕ್ಷಣ ಮಷೀನು ತಾನೇ ಏಳುತ್ತದೆ. ಇದರ ಜೊತೆ ಮದರ್‌ಬೋರ್ಡ್ ಮೇಲಿನ ಬಟನ್ ಸೆಲ್ ಕೂಡ ಬದಲಿಸಿ, 2032 ನಂಬರಿನದು, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಮಷೀನುಗಳಲ್ಲಿ ಅದು ಸತ್ತೇ ಇರುವುದು ಹೆಚ್ಚು. ಸತ್ತ ಸೆಲ್ ಇದ್ದರೆ ಪೂರ್ತಿ ಕರೆಂಟ್ ಹೋಗಿ ಬಂದಾಗ ಗಡಿಯಾರ ತಪ್ಪಿ, ‘ಎಫ್1 ಒತ್ತಿ’ ಎನ್ನುವ ಪರದೆಯಲ್ಲೇ ಎಷ್ಟೋ ಮಷೀನುಗಳು ನಿಂತುಬಿಡುತ್ತವೆ. ಮಾನಿಟರ್ ಇಲ್ಲದ ಸರ್ವರ್‌ನಲ್ಲಿ ಅದು ನಿಮಗೆ ಕಾಣುವುದೂ ಇಲ್ಲ.

ಓಎಸ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಡೆಬಿಯನ್ ಅಥವಾ ಉಬುಂಟು ಸರ್ವರ್, ಅದರ ಮೇಲೆ ಡಾಕರ್ ಕಂಪೋಸ್. ಡಾಕರ್ ಪ್ರತಿ ಪ್ರೋಗ್ರಾಮನ್ನೂ ಅದರದೇ ಡಬ್ಬದಲ್ಲಿ ಓಡಿಸುತ್ತದೆ, ಯಾವ ಡಬ್ಬ ಹೇಗೆ ಓಡಬೇಕು ಅಂತ ಕಂಪೋಸ್ ಫೈಲಿನಲ್ಲಿ ಬರೆದಿಡುತ್ತೇವೆ. ಒಂದೇ ಮಷೀನಿನಲ್ಲಿ ಹಲವು ಓಎಸ್ ಓಡಿಸುವ ಪ್ರಾಕ್ಸ್‌ಮಾಕ್ಸ್ ಆಸೆ ಹುಟ್ಟಿದರೆ ಮುಂದಿನ ವರ್ಷ ನೋಡಿಕೊಳ್ಳಿ. ಸಿನಿಮಾಗಳಿಗೆ 4 ಟಿಬಿಯ ಒಂದು ಯುಎಸ್‌ಬಿ ಡಿಸ್ಕ್ ಸಾಕು. ಡಿವಿಡಿ ಒಂದಕ್ಕೆ 8 ಜಿಬಿ ಹಿಡಿದರೂ 500 ಡಿವಿಡಿ ತುಂಬಬಹುದು. ಅದನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲೇ ಬಿಡದೆ ಲಿನಕ್ಸ್‌ನ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ. ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲಿನ ಸಾಲಿನಲ್ಲಿ ‘ನೋಫೇಲ್’ ಸೇರಿಸಿದರೆ ಡಿಸ್ಕ್ ಕೈಕೊಟ್ಟ ದಿನವೂ ಮಷೀನು ಬೂಟ್ ಆಗುತ್ತದೆ.

ಮೀಡಿಯಾಕ್ಕೆ, ಅಂದರೆ ಸರ್ವರಿನಲ್ಲಿರುವ ಸಿನಿಮಾಗಳನ್ನು ಟಿವಿಗೆ ಕಳಿಸಲು, ಜೆಲ್ಲಿಫಿನ್. ಎಂಬಿ (Emby) ಎಂಬ ಇಂಥದ್ದೇ ಪ್ರೋಗ್ರಾಂ ತನ್ನ ಕೋಡ್ ಮುಚ್ಚಿಕೊಂಡಾಗ 2018ರ ಕೊನೆಗೆ ಅದರಿಂದ ಒಡೆದು ಬಂದದ್ದು ಇದು, ಪೂರ್ತಿ ಉಚಿತ. ಇದೇ ಕೆಲಸದ ಪ್ಲೆಕ್ಸ್ ನೋಡಲು ಚೆಂದ, ಆದರೆ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ (ಚಿಪ್‌ನಲ್ಲೇ ವಿಡಿಯೊ ಪರಿವರ್ತನೆ) ದುಡ್ಡು ಕೊಡಬೇಕು, 2025ರಿಂದ ಮನೆಯ ಹೊರಗಿನಿಂದ ನೋಡಲೂ ಕೊಡಬೇಕು. ನನಗೆ ಜೆಲ್ಲಿಫಿನ್ ಹಿಡಿಸಲು ಇನ್ನೊಂದು ಕಾರಣ, ಮರ ಬಿದ್ದು ಫೈಬರ್ ತುಂಡಾದ ದಿನವೂ ಮನೆಯ ವೈಫೈ ಮೇಲೆ ಅದು ತನ್ನಷ್ಟಕ್ಕೆ ಓಡುತ್ತದೆ. ಲಾಗಿನ್‌ಗೆ ಹೊರಗಿನ ಯಾವ ಸರ್ವರನ್ನೂ ಕೇಳುವುದಿಲ್ಲ.

ಫೋಲ್ಡರ್ ಹೆಸರಿನಲ್ಲಿ ಸಿನಿಮಾದ ವರ್ಷ ಬರೆಯಲೇಬೇಕು. ನಾಗರಹಾವು ಅಂತಷ್ಟೇ ಇದ್ದರೆ 1972ರದೋ 2016ರದೋ ಜೆಲ್ಲಿಫಿನ್‌ಗೆ ಹೇಗೆ ಗೊತ್ತಾಗಬೇಕು? ಕನ್ನಡ ಸಬ್‌ಟೈಟಲ್ ಹಾಕಿದರೆ ಅಕ್ಷರದ ಬದಲು ಚೌಕಗಳು ಬರಬಹುದು. ಡಾಕರ್ ಡಬ್ಬದೊಳಗೆ ಕನ್ನಡ ಫಾಂಟ್ ಇಲ್ಲದಿರುವುದು ಅದಕ್ಕೆ ಕಾರಣ. ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನು ಒಂದು ಫೋಲ್ಡರಿಗೆ ಹಾಕಿ, ಪ್ಲೇಬ್ಯಾಕ್ ಸೆಟ್ಟಿಂಗ್‌ನಲ್ಲಿ ಫಾಲ್‌ಬ್ಯಾಕ್ ಫಾಂಟ್ ಆನ್ ಮಾಡಿ ಆ ದಾರಿ ಕೊಡಿ. ಸರ್ವರಿನಿಂದ ರೂಟರ್‌ಗೆ ಕೇಬಲ್ಲೇ ಇರಲಿ. ಟಿವಿಯ ವಿಷಯ ಉಲ್ಟಾ, ಎಷ್ಟೋ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, ದೊಡ್ಡ 4ಕೆ ಫೈಲಿಗೆ 5 ಗಿಗಾಹರ್ಟ್ಸ್ ವೈಫೈಯೇ ವಾಸಿ.

ಮೈನ್‌ಕ್ರಾಫ್ಟ್‌ಗೆ ಪೇಪರ್ ಎಂಬ ಸರ್ವರ್ ಪ್ರೋಗ್ರಾಂ ಹಾಕಿ, 4 ಜಿಬಿ ರ್‍ಯಾಮ್ ಕೊಟ್ಟರೆ ಐದಾರು ಮಕ್ಕಳಿಗೆ ಧಾರಾಳ. ಮೊದಲ ಸಲ ಓಡಿಸಿದಾಗ ಅದು ನಿಂತುಬಿಡುತ್ತದೆ, ಗಾಬರಿ ಬೇಡ. ಯುಲಾ (ಬಳಕೆಯ ಒಪ್ಪಂದ) ಫೈಲಿನಲ್ಲಿ ಫಾಲ್ಸ್ ಇದ್ದದ್ದನ್ನು ಟ್ರೂ ಮಾಡಿ ಮತ್ತೆ ಓಡಿಸಿ. ಆ ಗೆಳತಿಯರಲ್ಲಿ ಎಷ್ಟು ಜನ ಫೋನಿನಲ್ಲಿ ಆಡುತ್ತಾರೆ ಅಂತ ಈಗಲೇ ಕೇಳಿಕೊಳ್ಳಿ. ಫೋನಿನದು ಬೆಡ್‌ರಾಕ್, ಕಂಪ್ಯೂಟರಿನದು ಹೆಚ್ಚಾಗಿ ಜಾವಾ, ಇವೆರಡೂ ನೇರವಾಗಿ ಸೇರುವುದಿಲ್ಲ. ನಡುವೆ ಗೈಸರ್ ಮತ್ತು ಫ್ಲಡ್‌ಗೇಟ್ ಪ್ಲಗಿನ್ ಹಾಕಿದರೆ ಎಲ್ಲರೂ ಒಂದೇ ಲೋಕದಲ್ಲಿ ಆಡಬಹುದು. ವೈಟ್‌ಲಿಸ್ಟ್ ಆನ್ ಇರಲಿ, ಹೆಸರು ಸೇರಿಸಿದವರು ಮಾತ್ರ ಒಳಗೆ ಬರುತ್ತಾರೆ.

ಜನ ಸೋತು ಕೂರುವುದು ಇದರ ಮುಂದಿನ ಹೆಜ್ಜೆಯಲ್ಲಿ: ಗೆಳತಿಯರು ಅವರವರ ಮನೆಯಿಂದ ನಿಮ್ಮ ಸರ್ವರಿಗೆ ಬರುವುದು ಹೇಗೆ? ಎಲ್ಲ ಪಾಠಗಳೂ 25565 ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಹೊರಗಿನಿಂದ ಬರುವವರನ್ನು ಸರ್ವರಿಗೆ ಕಳಿಸುವಂತೆ ರೂಟರಿಗೆ ಹೇಳಿ ಅನ್ನುತ್ತವೆ. ನಮ್ಮಲ್ಲಿ ಎಷ್ಟೋ ಮನೆ ಕನೆಕ್ಷನ್‌ಗಳು ಸಿಜಿನ್ಯಾಟ್ ಹಿಂದೆ ಇವೆ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು (ಇಂಟರ್ನೆಟ್‌ಗೆ ಕಾಣುವ ವಿಳಾಸ) ಎಷ್ಟೋ ಮನೆಗಳು ಹಂಚಿಕೊಂಡಿರುತ್ತವೆ, ನೀವು ರೂಟರ್‌ನಲ್ಲಿ ಏನೇ ಮಾಡಿದರೂ ಹೊರಗಿನವರು ಒಳಗೆ ಬರಲಾರರು. ಪತ್ತೆ ಮಾಡುವುದು ಸುಲಭ. ರೂಟರ್ ಪುಟದಲ್ಲಿ ವ್ಯಾನ್ ಐಪಿ (ರೂಟರಿನ ಹೊರಬದಿಯ ವಿಳಾಸ) ನೋಡಿ. 100.64ರಿಂದ 100.127ರ ನಡುವೆ, ಅಥವಾ 10ರಿಂದ ಶುರುವಾಗಿದ್ದರೆ ಅದೇ ಕಥೆ.

ಆಗ ದಾರಿ ಮೂರು. ತಿಂಗಳ ಬಾಡಿಗೆ ಕೊಟ್ಟು ಸ್ಟ್ಯಾಟಿಕ್ ಐಪಿ (ನಿಮ್ಮೊಬ್ಬರದೇ ಬದಲಾಗದ ವಿಳಾಸ) ಕೇಳಬಹುದು. ಟೇಲ್‌ಸ್ಕೇಲ್ ಎಂಬ ವಿಪಿಎನ್ (ಸಾಧನಗಳ ನಡುವಿನ ಖಾಸಗಿ ದಾರಿ) ಹಾಕಬಹುದು, ಸ್ವಂತ ಬಳಕೆಗೆ ಉಚಿತ, ಜೆಲ್ಲಿಫಿನ್‌ಗೆ ಇದೇ ಸರಿ, ಅದನ್ನು ಬಯಲಿಗೆ ತೆರೆದಿಡಬೇಡಿ. ಆದರೆ ಐದು ಮಕ್ಕಳ ಅಪ್ಪ-ಅಮ್ಮಂದಿರಿಗೆ ವಿಪಿಎನ್ ಆ್ಯಪ್ ಹಾಕಿ ಅಂತ ಹೇಳಿ ಒಪ್ಪಿಸುವುದು ಸುಲಭವಲ್ಲ. ಹಾಗಾಗಿ ಆಟಕ್ಕೆ ಮಾತ್ರ ಪ್ಲೇಇಟ್ ಥರದ ಟನೆಲ್ ಇರಲಿ. ನಿಮ್ಮ ಸರ್ವರೇ ಹೊರಗೆ ಹೋಗಿ ಅದಕ್ಕೆ ಜೋಡಿಸಿಕೊಳ್ಳುತ್ತದೆ, ಮಕ್ಕಳಿಗೆ ಒಂದು ವಿಳಾಸ ಕೊಟ್ಟರೆ ಸಾಕು.

ಫೋಟೊಗಳಿಗೆ ಇಮಿಚ್ ಒಳ್ಳೆಯದು, ಆದರೆ ಫೋನಿನಿಂದ ಯಾವುದನ್ನೂ ಅಳಿಸುವ ಮೊದಲು ಇನ್ನೊಂದು ಡಿಸ್ಕಿಗೆ ಪ್ರತಿ ಮಾಡಿ, ಆ ಡಿಸ್ಕ್ ಬೇರೆ ಮನೆಯಲ್ಲಿರಲಿ. ಡಿವಿಡಿ ಬೇಕಾದರೆ ಮತ್ತೆ ರಿಪ್ ಮಾಡಬಹುದು, ಮದುವೆ ವಿಡಿಯೊ ಹೋದರೆ ಹೋಯಿತು. ಮೈನ್‌ಕ್ರಾಫ್ಟ್ ವರ್ಲ್ಡ್ ಫೋಲ್ಡರನ್ನೂ ರಾತ್ರಿ ಕಾಪಿ ಆಗುವ ಹಾಗೆ ಇಡಿ.

ಹಣ ಕೊಡುವ ಮೊದಲು ಆ ವ್ಯಾನ್ ಐಪಿ ನೋಡಿ ಬರೆಯಿರಿ. ಪೂರ್ತಿ ಬೇಡ, ಮೊದಲ ಎರಡು ಭಾಗ ಸಾಕು. ಟಿವಿ ಯಾವುದು ಅಂತಲೂ ತಿಳಿಸಿ, ಕಂಪೋಸ್ ಫೈಲ್ ಬರೆಯಲು ಸಹಾಯ ಮಾಡುತ್ತೇನೆ.