ಇದು ಡಿಪ್ರೆಶನ್ನಾ ಸೋಮಾರಿತನಾನಾ ಅಂತ ಖಾತ್ರಿ ಆದ್ಮೇಲೆ ಡಾಕ್ಟರ್ ಹತ್ರ ಹೋದ್ರೆ ಸಾಕಾ?

ಖಾತ್ರಿ ಮಾಡ್ಕೊಳ್ಳೋದು ನಿಮ್ಮ ಕೆಲ್ಸ ಅಲ್ಲ ಮಾರಾಯ್ರೆ, ಅದು ಡಾಕ್ಟ್ರ ಕೆಲ್ಸ.

ನಮ್ದು ತೀರ್ಥಹಳ್ಳಿ ಕಡೆ, ಅಡಿಕೆ ತೋಟ. ಕೊಳೆರೋಗ ಬರದ ಹಾಗೆ ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಈ ಲೆಕ್ಕ ನಿದ್ದೆಗಣ್ಣಲ್ಲೂ ಹೇಳ್ತಿದ್ದೋನು ಆ ಮಳೆಗಾಲ ಡ್ರಮ್ಮಿನ ಮುಂದೆ ನಿಂತು ಎಷ್ಟು ಹಾಕ್ಬೇಕು ಅಂತ್ಲೇ ಹೊಳೀದೆ ಒಳಗೆ ಹೋಗಿ ಮಲಗಿಬಿಟ್ಟೆ, ಔಷಧಿ ಹೊಡೆಯೋಕೆ ಬಂದ ಕೊನೆಗಾರ (ಅಡಿಕೆ ಮರ ಹತ್ತೋನು) ಜಗಲೀಲಿ ಕಾಫಿ ಕುಡ್ದು ವಾಪಸ್ ಹೋದ. ಕೊಳೆ ಬಂತು. ಹಸಿ ಅಡಿಕೆ ಉದುರಿ ಬಿದ್ದಿದ್ದು ನೋಡಿ ನಂಗೆ ಬೇಜಾರೂ ಆಗ್ಲಿಲ್ಲ, ಹೆದ್ರಿಕೆ ಆಗಿದ್ದು ಅದಕ್ಕೇ.

ಡಾಕ್ಟರ್ ಹತ್ರ ಹೋಗ್ಲಿಲ್ಲ ಅಂತಲ್ಲ. ಹೋಗಿ ಹೇಳಿದ್ದೇನು? ಗ್ಯಾಸ್ಟ್ರಿಕ್! ಹೊಟ್ಟೆ ಭಾರ ಇದ್ದಿದ್ದು ನಿಜ, ಊಟ ಸೇರ್ತಿರ್ಲಿಲ್ಲ, ಬೆಳಗಿನ ಜಾವ 3 ಗಂಟೆಗೇ ಎಚ್ಚರ, ಅದಕ್ಕೂ ಗ್ಯಾಸ್ಟ್ರಿಕ್ಕೇ ಅಂದೆ. ಪಕ್ಕದಲ್ಲಿ ಅಮ್ಮ ಕೂತಿದ್ರು, ಅವ್ರ ಮುಂದೆ ಯಾವುದ್ರಲ್ಲೂ ಮನಸ್ಸಿಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ. ಡಾಕ್ಟರ್ ಏನ್ಮಾಡ್ತಾರೆ ಪಾಪ, ಹೊಟ್ಟೆ ಅಂದ್ರೆ ಹೊಟ್ಟೆಗೇ ಮಾತ್ರೆ. ಎರಡನೇ ಡಾಕ್ಟ್ರಿಗೂ ಅದೇ ಹೇಳ್ದೆ, ಎಂಡೋಸ್ಕೋಪಿ ನಾರ್ಮಲ್ ಬಂದ್ಮೇಲೂ ಅದೇ. ಆ ಒಂದು ಪದದಿಂದ ಎರಡು ಫಸಲು ಹೋಯ್ತು.

ಕೊನೆಗೆ ಶಿವಮೊಗ್ಗದಲ್ಲಿ ಮನೋವೈದ್ಯರು ಥೈರಾಯ್ಡ್ ಟೆಸ್ಟ್ ಮಾಡ್ಸಿದ್ರು (ಅದು ಕಡಿಮೆ ಇದ್ರೂ ಹೀಗೇ ಆಗ್ಬಹುದು), ಎರಡು ವಾರಕ್ಕಿಂತ ಜಾಸ್ತಿ ಆಯ್ತಾ ಹೀಗೆ ಅಂತ ಕೇಳಿದ್ರು. ನಂಗೆ ನಗು ಬಂತು. ಡಿಪ್ರೆಶನ್ ಮಾತ್ರೆ ಕೆಲ್ಸ ಶುರು ಮಾಡೋಕೆ ನಾಲ್ಕು ವಾರ ಹಿಡೀತು. ಥೆರಪಿ ಅಂದ್ರೆ ಕೂತು ಗೋಳು ಹೇಳ್ಕೊಳ್ಳೋದು ಅಂದ್ಕೊಂಡಿದ್ದೆ, ಕೌನ್ಸೆಲರ್ ಮೇಡಂ ಹೋಂವರ್ಕ್ ಕೊಟ್ರು: ಮನಸ್ಸು ಬರ್ಲಿ ಬಿಡ್ಲಿ, ದಿನಾ ಬೆಳಿಗ್ಗೆ ಹಳ್ಳದ ಸಂಕದ (ಕಾಲುಸೇತುವೆ) ತನಕ ಹೋಗಿ ಬರೋದು, ಹೇಗನ್ನಿಸ್ತು ಅಂತ ಹತ್ತಕ್ಕೆ ಮಾರ್ಕ್ಸ್ ಹಾಕೋದು. ಛತ್ರಿ ಹಿಡ್ಕೊಂಡು ಕಾಲಿಂದ ಉಂಬಳ (ಜಿಗಣೆ) ಕಿತ್ಕೊಳ್ತಾ ಹೋಗ್ತಿದ್ದೆ. ಮೊದಲ ವಾರ 1, 1, 2. ಒಂದಿನ 4 ಬರೆದಿದ್ದು ನಂಗೇ ಗೊತ್ತಾಗ್ಲಿಲ್ಲ, ಅವ್ರೇ ತೋರ್ಸಿದ್ದು.

ಸೋಮಾರಿತನ ಅಂತೀರಲ್ಲ, ಸೋಮಾರಿಗೆ ಮಲಗಿದ್ರೆ ಖುಷಿ ಆಗತ್ತೆ. ನಿಮಗೆ ಆಗ್ತಿದ್ಯಾ?

ಊರಲ್ಲಿ ಯಾರಾದ್ರೂ ನೋಡ್ತಾರೆ ಅಂತ ಹೋಗೋಕೆ ಸಂಕೋಚ ಆದ್ರೆ ಮೊದ್ಲು 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ಫ್ರೀ, 24 ಗಂಟೆ, ಕನ್ನಡದಲ್ಲೇ ಮಾತಾಡ್ಬಹುದು. ಸಾಯೋ ಯೋಚನೆ ಬರ್ತಿದ್ರೆ ಈಗ್ಲೇ ಮಾಡಿ, ನಾಳೆ ಬೇಡ. ಡಾಕ್ಟರ್ ಹತ್ರ ಹೋದಾಗ ಮನೆಯವ್ರನ್ನ ಒಂದು ಹತ್ತು ನಿಮಿಷ ಹೊರಗೆ ಕೂರ್ಸಿ.