ಸೂಜಿ ನಿಂತರೆ ಸಾಲದು, ಬೋನಿನ ಲೆಕ್ಕ ಕೇಳಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ನಾಯಿಗೆ ಯಾವ ಬಿಸ್ಕತ್ತು ಒಳ್ಳೆಯದು, ಕೂದಲು ಯಾಕೆ ಉದುರುತ್ತದೆ ಎಂಬ ಪ್ರಶ್ನೆಗಳನ್ನು ಈ ಸಲ ಪಕ್ಕಕ್ಕಿಟ್ಟಿದ್ದೇನೆ. ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣ, ಕ್ರೀಡಾಂಗಣಗಳಲ್ಲಿರುವ ಬೀದಿ ನಾಯಿಗಳನ್ನು ಹಿಡಿದು ಶೆಲ್ಟರ್‌ಗೆ ಸೇರಿಸಿ, ಮತ್ತೆ ಅಲ್ಲಿಗೇ ತಂದು ಬಿಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶ ಕೊಟ್ಟಿತು. ಆಮೇಲೆ ನನಗೆ ಬರುವ ಪತ್ರಗಳ ಧಾಟಿಯೇ ಬದಲಾಗಿದೆ. ಅರ್ಧ ಜನ ‘ಕೊಲ್ಲುತ್ತಾರೆ, ಉಳಿಸಿ’ ಅನ್ನುತ್ತಾರೆ. ಇನ್ನರ್ಧ ಜನ ‘ಕೊಂದರೆ ತಪ್ಪೇನು’ ಅನ್ನುತ್ತಾರೆ. ಎರಡೂ ಕಡೆಯವರು ನಿಯಮ ಓದಿದ ಹಾಗಿಲ್ಲ. ಸಂತಾನಹರಣ ಅಂದರೇನು, ರೇಬಿಸ್ ಹೇಗೆ ಬರುತ್ತದೆ ಅನ್ನುವುದನ್ನೆಲ್ಲ ನಾನು ಮತ್ತೆ ಅಆಇಈಯಿಂದ ಹೇಳುವುದಿಲ್ಲ.

ಪ್ರಶ್ನೆ: ಡಾಕ್ಟ್ರೇ, ನಮ್ಮ ಕಾಲೇಜಿನ ಆವರಣದ ನಾಯಿಗಳನ್ನು ನಗರಸಭೆಯವರು ಹಿಡಿದುಕೊಂಡು ಹೋದರು. ಎಲ್ಲಕ್ಕೂ ಆಪರೇಷನ್ ಆಗಿತ್ತು, ಕಿವಿಯಲ್ಲಿ ಗುರುತಿದೆ. ‘ಇಲ್ಲಿ ಜಾಗ ಇಲ್ಲ, ಯಾರೂ ಒಯ್ಯದಿದ್ದರೆ ಇಂಜೆಕ್ಷನ್ ಕೊಟ್ಟು ಮಲಗಿಸುತ್ತೇವೆ’ ಎಂದು ಶೆಲ್ಟರ್‌ನ ಕೆಲಸಗಾರರು ಹೇಳಿದರು. ನಾವು ಆನ್‌ಲೈನ್‌ನಲ್ಲಿ ಸಹಿ ಸಂಗ್ರಹಿಸುತ್ತಿದ್ದೇವೆ. ಮೇಣದಬತ್ತಿ ಮೆರವಣಿಗೆಯನ್ನೂ ಮಾಡಬೇಕೆಂದಿದ್ದೇವೆ. ಮುಂದೇನು ಮಾಡಬೇಕು?
(ಎಂಜಿನಿಯರಿಂಗ್ ವಿದ್ಯಾರ್ಥಿನಿ. ಊರಿನ ಹೆಸರು ಬಿಟ್ಟಿದ್ದೇನೆ.)

ಉತ್ತರ: ಮೇಣದಬತ್ತಿಯ ದುಡ್ಡು ಉಳಿಸಿಕೊಳ್ಳಿ. ಲಸಿಕೆಗೆ ಬೇಕಾಗುತ್ತದೆ.

ಮೊದಲು ಕಾನೂನು. ಜಾಗ ಇಲ್ಲ ಅನ್ನುವ ಕಾರಣಕ್ಕೆ ನಮ್ಮ ದೇಶದಲ್ಲಿ ಶೆಲ್ಟರ್‌ನ ನಾಯಿಯನ್ನು ಕೊಲ್ಲುವ ಹಾಗಿಲ್ಲ. ಯಾರೂ ಸಾಕಲು ಮುಂದೆ ಬರಲಿಲ್ಲ ಎಂದೂ ಕೊಲ್ಲುವ ಹಾಗಿಲ್ಲ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ವಾಸಿಯಾಗದ ಕಾಯಿಲೆ ಅಥವಾ ಬದುಕಲಾರದಷ್ಟು ಗಾಯ ಇದ್ದರೆ ಮಾತ್ರ ದಯಾಮರಣ. ಅದನ್ನೂ ಒಬ್ಬರೇ ತೀರ್ಮಾನಿಸುವಂತಿಲ್ಲ. ಸ್ಥಳೀಯ ಎಬಿಸಿ ಉಸ್ತುವಾರಿ ಸಮಿತಿ ನೇಮಿಸಿದ ತಂಡ ನೋಡಿ ಹೇಳಬೇಕು. ಅರ್ಹ ಪಶುವೈದ್ಯರೇ ಕೊಡಬೇಕು. ಸೋಡಿಯಂ ಪೆಂಟೊಬಾರ್ಬಿಟಾಲ್‌ನಂಥ, ನೋವಾಗದ ಔಷಧವೇ ಆಗಬೇಕು. ಬೇರೆ ನಾಯಿಗಳ ಕಣ್ಣೆದುರು ಮಾಡಬಾರದು. ಕಾರಣ ಬರೆದಿಡಬೇಕು. ಮೆಗ್ನೀಷಿಯಂ ಸಲ್ಫೇಟ್ ಚುಚ್ಚಿ ‘ಸುಖವಾಗಿ ಹೋಯಿತು’ ಅನ್ನುವವರನ್ನು ನೀವು ನೋಡಬಹುದು. ಅರಿವಳಿಕೆ ಇಲ್ಲದೆ ಅದನ್ನು ಕೊಟ್ಟರೆ ನಾಯಿಗೆ ಎಚ್ಚರ ಇರುವಾಗಲೇ ಉಸಿರು ಕಟ್ಟುತ್ತದೆ. ಅದಕ್ಕೆ ದಯೆಯ ಹೆಸರು ಕೊಡಬೇಡಿ.

ಸುಪ್ರೀಂ ಕೋರ್ಟ್ ಆದೇಶ ‘ಶೆಲ್ಟರ್‌ಗೆ ಸೇರಿಸಿ’ ಅನ್ನುತ್ತದೆ, ‘ಕೊಲ್ಲಿ’ ಅನ್ನುವುದಿಲ್ಲ. ಇದನ್ನು ಜೋರಾಗಿಯೇ ಹೇಳಿ. ಆದರೆ ಅದೇ ಆದೇಶದ ಇನ್ನೊಂದು ಮುಖ ನಿಮಗೆ ಹಿಡಿಸುವುದಿಲ್ಲ: ನಾಯಿಗಳನ್ನು ಕಾಲೇಜಿಗೇ ವಾಪಸ್ ಬಿಡಿ ಅಂತ ಈಗ ಕೇಳಿದರೆ ಪೌರಾಯುಕ್ತರು ಆದೇಶದ ಪ್ರತಿ ತೋರಿಸಿ ಕಳಿಸುತ್ತಾರೆ. ಸಿಗದ ಬೇಡಿಕೆಗೆ ಎರಡು ವಾರ ಕಳೆಯಬೇಡಿ, ಅಷ್ಟರಲ್ಲಿ ನಾಯಿಗಳೇ ಇರುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಆ ಕೆಲಸಗಾರರ ಮಾತನ್ನು ವಿಡಿಯೊ ಮಾಡಿ ಹಾಕಿದ್ದೇವೆ ಎಂದೂ ಬರೆದಿದ್ದೀರಿ. ತೆಗೆದುಹಾಕಿ. ಅವರು ಗುತ್ತಿಗೆ ನೌಕರರು. ಬೋನು ತೊಳೆಯುವುದು, ಅನ್ನ ಹಾಕುವುದು, ಕಚ್ಚಿಸಿಕೊಳ್ಳುವುದು ಎಲ್ಲ ಅವರದೇ. ‘ಮಲಗಿಸುತ್ತೇವೆ’ ಅಂದದ್ದು ನಿಮ್ಮನ್ನು ಹೆದರಿಸಿ ನಾಲ್ಕು ನಾಯಿ ಸಾಗಹಾಕಲು ಇರಬಹುದು. ಮೇಲಿನವರು ಹೇಳಿದ್ದನ್ನೇ ಹೇಳಿರಲೂಬಹುದು. ಏನೇ ಆದರೂ ಒಳಗೆ ನಡೆಯುವುದನ್ನು ನಿಮಗೆ ಹೇಳಬಲ್ಲವರು ಅವರೊಬ್ಬರೇ. ಅವರನ್ನೇ ಖಳನಾಯಕರನ್ನಾಗಿ ಮಾಡಿದರೆ ನಾಳೆ ಗೇಟು ತೆಗೆಯುವವರು ಯಾರು?

ನಾಳೆ ಬೆಳಗ್ಗೆ ಮಾಡಬೇಕಾದದ್ದು ಒಂದು ಪತ್ರ. ಪೌರಾಯುಕ್ತರಿಗೆ ಬರೆಯಿರಿ, ಪ್ರತಿಯನ್ನು ಜಿಲ್ಲಾಧಿಕಾರಿಗೆ ಮತ್ತು ಪಶುಪಾಲನಾ ಇಲಾಖೆಯ ಉಪನಿರ್ದೇಶಕರಿಗೆ ಕಳಿಸಿ. ಟಪಾಲು ವಿಭಾಗದಲ್ಲಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಕಣ್ಣೀರಿನ ಮಾತು ಒಂದೂ ಬೇಡ. ನಮ್ಮ ಆವರಣದಿಂದ ಇಂಥ ದಿನ ಇಷ್ಟು ನಾಯಿ ಒಯ್ದಿದ್ದೀರಿ, ಫೋಟೊ ಇದರೊಂದಿಗಿದೆ, ಪ್ರತಿಯೊಂದೂ ಈಗ ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಉಸ್ತುವಾರಿ ಸಮಿತಿಯ ಸದಸ್ಯರು ಯಾರು, ಕೊನೆಯ ಸಭೆ ಯಾವಾಗ ನಡೆಯಿತು ಎಂದಷ್ಟೇ ಕೇಳಿ. ಸಮಿತಿ ಕಾಗದದ ಮೇಲೆ ಮಾತ್ರ ಇರುವ ಊರುಗಳು ಬೇಕಾದಷ್ಟಿವೆ. ಸಮಿತಿಯೇ ಇಲ್ಲದಿದ್ದರೆ ದಯಾಮರಣಕ್ಕೆ ಒಪ್ಪಿಗೆ ಕೊಡುವ ತಂಡವೂ ಇಲ್ಲ. ಅಲ್ಲಿಗೆ ‘ಮಲಗಿಸುವ’ ಮಾತು ನಿಂತಿತು.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಅದೇ ದಿನ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ನಾಯಿಗಳ ಬಗ್ಗೆ ಕವನ ಬರೆಯಬೇಡಿ. ಶೆಲ್ಟರ್ ರಿಜಿಸ್ಟರ್‌ನ ಕಳೆದ ಒಂದು ವರ್ಷದ ದೃಢೀಕೃತ ಪ್ರತಿ ಕೇಳಿ: ಒಳಗೆ ಬಂದದ್ದೆಷ್ಟು, ಹೊರಗೆ ಹೋದದ್ದೆಷ್ಟು, ದಯಾಮರಣ ಎಷ್ಟು, ತಾನಾಗಿ ಸತ್ತದ್ದೆಷ್ಟು. ಉತ್ತರಕ್ಕೆ 30 ದಿನ ಹಿಡಿಯುತ್ತದೆ. ಅದಕ್ಕೇ ಪತ್ರ ಮೊದಲು ಅಂದೆ.

ನನ್ನ ತಲೆಬಿಸಿ ಇರುವುದು ಆ ನಾಲ್ಕನೆಯ ಅಂಕಿಯಲ್ಲಿ. ನೀವೆಲ್ಲ ಸೂಜಿಯ ಹಿಂದೆ ಬಿದ್ದಿದ್ದೀರಿ. ನಮ್ಮ ಶೆಲ್ಟರ್‌ಗಳಲ್ಲಿ ನಾಯಿ ಸಾಯುವುದಕ್ಕೆ ಸೂಜಿಯೇ ಬೇಕಿಲ್ಲ. ಬೇರೆ ಬೇರೆ ಬೀದಿಯ ನಾಯಿಗಳನ್ನು ಒಂದೇ ಬೋನಿಗೆ ತುಂಬುತ್ತಾರೆ. ಮೊದಲ ರಾತ್ರಿಯೇ ಕಚ್ಚಾಟ. ಅನ್ನದ ಹತ್ತಿರ ಬಲಿಷ್ಠ ನಾಯಿ ನಿಲ್ಲುತ್ತದೆ, ಮೂಲೆಯಲ್ಲಿರುವುದು ಸೊರಗುತ್ತದೆ. ಒಂದಕ್ಕೆ ಪಾರ್ವೊ ಎಂಬ ಕರುಳಿನ ವೈರಾಣು ಕಾಯಿಲೆ ಇದ್ದರೆ ವಾರದೊಳಗೆ ಎಳೆಯ ನಾಯಿಗಳೆಲ್ಲ ರಕ್ತಭೇದಿಯಲ್ಲಿ ಮಲಗುತ್ತವೆ. ಡಿಸ್ಟೆಂಪರ್ ಎಂಬ ಇನ್ನೊಂದು ವೈರಾಣು ಕಾಯಿಲೆ ಬಂದರೆ ಇನ್ನೂ ಕೆಟ್ಟದ್ದು. ಮೂಗು ಸೋರುವುದರಿಂದ ಶುರುವಾಗಿ ಫಿಟ್ಸ್‌ನಲ್ಲಿ ಮುಗಿಯುತ್ತದೆ. ರಿಜಿಸ್ಟರ್‌ನಲ್ಲಿ ಇದಕ್ಕೆಲ್ಲ ‘ಸಹಜ ಸಾವು’ ಎಂದು ಬರೆಯುತ್ತಾರೆ. ಯಾರ ಸಹಿಯೂ ಬೇಡ, ಯಾವ ಸಮಿತಿಯೂ ಬೇಡ. ‘ನಮ್ಮಲ್ಲಿ ಒಂದು ನಾಯಿಗೂ ಇಂಜೆಕ್ಷನ್ ಕೊಟ್ಟಿಲ್ಲ’ ಎಂದು ಅಧಿಕಾರಿ ಪತ್ರಿಕೆಗೆ ಹೇಳಿಕೆ ಕೊಡುತ್ತಾರೆ. ಅದು ಸುಳ್ಳೂ ಅಲ್ಲ. ನೀವು ಮೆರವಣಿಗೆ ಮುಗಿಸಿ ಗೆದ್ದೆವೆಂದು ಮನೆಗೆ ಹೋಗುತ್ತೀರಿ.

ಶೆಲ್ಟರ್‌ಗೆ ಕಾಲಿಟ್ಟ ಕೂಡಲೇ ಫಿನೈಲ್ ವಾಸನೆ ಗಮ್ಮೆಂದು ಹೊಡೆದರೆ ‘ಎಷ್ಟು ಸ್ವಚ್ಛ’ ಅನ್ನಬೇಡಿ. ಫಿನೈಲ್‌ಗೆ ಪಾರ್ವೊ ವೈರಾಣು ಸಾಯುವುದಿಲ್ಲ. ಮೊದಲು ಕಸ, ಮಲ ಎಲ್ಲ ತೊಳೆದು, ಆಮೇಲೆ ಮೂವತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ಬಿಡಬೇಕು. ಹೊಸ ನಾಯಿಗೆ ಬೇರೆ ಬೋನು, ಎರಡು ವಾರ. ಎಷ್ಟೋ ಕಡೆ ರೇಬಿಸ್ ಲಸಿಕೆ ಒಂದನ್ನೇ ಹಾಕಿ ಕೈತೊಳೆದುಕೊಳ್ಳುತ್ತಾರೆ. ಒಳಗೆ ಬಂದ ದಿನವೇ ಪಾರ್ವೊ, ಡಿಸ್ಟೆಂಪರ್ ಲಸಿಕೆಯೂ ಬೀಳಬೇಕು. ನಿಮ್ಮ ಸಹಿ ಸಂಗ್ರಹದಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಸುಮ್ನೆ ಹೇಳುತ್ತಿಲ್ಲ. ಪಕ್ಕದ ಮದ್ರಾಸಿನ ಕತೆ ನೋಡಿ. ಅಲ್ಲಿನ ಕಾರ್ಪೊರೇಶನ್ 1860ರಲ್ಲಿ ನಾಯಿ ಹಿಡಿದು ಕೊಲ್ಲಲು ಶುರು ಮಾಡಿತು. 1970ರ ದಶಕದ ಹೊತ್ತಿಗೆ ಎಷ್ಟು ನಾಯಿ ಸಾಯುತ್ತಿದ್ದವೆಂದರೆ, ಅಲ್ಲಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ನಾಯಿ ಚರ್ಮದಲ್ಲಿ ಟೈ, ಪರ್ಸು ಮಾಡಿ ನೋಡಿತು. 1995ರಲ್ಲಿ ಕೆಲವು ದಿನ 135 ನಾಯಿಗಳವರೆಗೂ ಕರೆಂಟ್ ಕೊಟ್ಟು ಕೊಂದರು. ಇಷ್ಟಾದರೂ ಬೀದಿಯಲ್ಲಿ ನಾಯಿಯೂ ಕಡಿಮೆಯಾಗಲಿಲ್ಲ, ರೇಬಿಸ್ಸೂ ಕಡಿಮೆಯಾಗಲಿಲ್ಲ. ಪ್ರಾಣಿ ದಯಾ ಸಂಸ್ಥೆಯಾದ ಬ್ಲೂ ಕ್ರಾಸ್ ಆಫ್ ಇಂಡಿಯಾ 1964ರಿಂದಲೇ ಹೇಳುತ್ತಾ ಬಂತು: ಆಪರೇಷನ್ ಮಾಡಿ, ಲಸಿಕೆ ಹಾಕಿ, ಅದೇ ಬೀದಿಗೆ ಬಿಡಿ. ಆ ಸಂಸ್ಥೆಯ ಚಿನ್ನಿ ಕೃಷ್ಣ ಅವರ ವಾದದಲ್ಲಿ ‘ಪಾಪ, ಮೂಕಪ್ರಾಣಿ’ಗಿಂತ ಕಾರ್ಪೊರೇಶನ್‌ನದೇ ಲೆಕ್ಕ ಮುಂದಿತ್ತು. ನೂರು ವರ್ಷಕ್ಕೂ ಜಾಸ್ತಿ ಕೊಂದಿದ್ದೀರಿ, ಖರ್ಚು ಮಾಡಿದ್ದೀರಿ, ಏನು ಸಿಕ್ಕಿತು? ಕಾರ್ಪೊರೇಶನ್ ಕೊನೆಗೆ ಒಪ್ಪಿದ್ದು 1996ರಲ್ಲಿ. ಆ ವರ್ಷ ಊರಲ್ಲಿ ರೇಬಿಸ್‌ನಿಂದ 120 ಜನ ಸತ್ತಿದ್ದರು, 2004ರಲ್ಲಿ ಐದು ಜನ ಅನ್ನುತ್ತದೆ ಅವರ ಲೆಕ್ಕ.

ಮೂವತ್ತೆರಡು ವರ್ಷ ಹಿಡಿಯಿತು. ನಿಮಗೆ ಅಷ್ಟು ಕಾಯಬೇಕಾಗಿಲ್ಲ, ಕಾನೂನು ಈಗಾಗಲೇ ನಿಮ್ಮ ಕಡೆ ಇದೆ. ಆದರೆ ಬ್ಲೂ ಕ್ರಾಸ್‌ನವರು ಹಿಡಿದ ದಾರಿ ಕಲಿಯಿರಿ. ನಗರಸಭೆಯ ಬಜೆಟ್‌ನಲ್ಲಿ ಶೆಲ್ಟರ್‌ಗೆ ಎಷ್ಟು ಇಟ್ಟಿದ್ದಾರೆ, ಎಬಿಸಿಗೆ ಎಷ್ಟು, ಪಶುವೈದ್ಯರ ಹುದ್ದೆ ತುಂಬಿದೆಯೋ ಖಾಲಿಯೋ ಎಂದು ನಿಮ್ಮ ವಾರ್ಡಿನ ಸದಸ್ಯರ ಬಾಯಲ್ಲಿ ಸಭೆಯಲ್ಲಿ ಕೇಳಿಸಿ. ಹತ್ತು ಸಾವಿರ ಆನ್‌ಲೈನ್ ಸಹಿಗೆ ಹೆದರದ ಅಧಿಕಾರಿ, ಸಭೆಯ ನಡಾವಳಿಯಲ್ಲಿ ದಾಖಲಾದ ಒಂದು ಪ್ರಶ್ನೆಗೆ ಹೆದರುತ್ತಾರೆ.

ಇನ್ನು ನಿಮ್ಮ ನಾಯಿಗಳು. ಕಾಲೇಜಿನಲ್ಲಿ ಹುಡುಗರ ಕೈಯಿಂದ ತಿಂದು ಬೆಳೆದ ನಾಯಿಗಳು ಮನೆಗೆ ಬೇಗ ಹೊಂದಿಕೊಳ್ಳುತ್ತವೆ. ಸೌಮ್ಯವಾದವನ್ನು ಮೊದಲು ಹೊರತನ್ನಿ. ಮನೆ ಸಿಗುವವರೆಗೆ ತಾತ್ಕಾಲಿಕವಾಗಿ ಇಟ್ಟುಕೊಳ್ಳುವವರನ್ನು ಹುಡುಕಿ, ಮನೆಯ ಮಾಲೀಕರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಪರೀಕ್ಷೆ ಮುಗಿದು ಊರಿಗೆ ಹೋಗುವಾಗ ನಾಯಿಯನ್ನು ಪಿಜಿ ಗೇಟಿನ ಹೊರಗೆ ಬಿಟ್ಟುಹೋಗುವ ಹುಡುಗರಿಗೆ ಮಾತ್ರ ಕೊಡಬೇಡಿ. ‘ಎಷ್ಟಾದರೂ ಕಳಿಸಿ, ನಾನು ಇಟ್ಕೋತೀನಿ, ತಿಂಗಳಿಗಿಷ್ಟು ಕೊಡಿ’ ಅನ್ನುವ ಖಾಸಗಿ ರೆಸ್ಕ್ಯೂಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ಹೇಳದೆ ಕೇಳದೆ ಹೋಗಿ ಒಳಗೆ ನೋಡಿ. ಬಿಡದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಇನ್ನೊಂದು ಮಾತು, ಬಯ್ದರೂ ಪರವಾಗಿಲ್ಲ. ನಾನು ದಯಾಮರಣ ಕೊಟ್ಟಿದ್ದೇನೆ, ಮುಂದೆಯೂ ಕೊಡುತ್ತೇನೆ. ಲಾರಿ ಹತ್ತಿ ಬೆನ್ನುಮೂಳೆ ಮುರಿದು, ಹಿಂಭಾಗದಲ್ಲಿ ಹುಳ ಬಿದ್ದು ಅರಚುವ ನಾಯಿಯ ಸುತ್ತ ಹತ್ತು ಮೊಬೈಲ್ ಹಿಡಿದು ನಿಂತರೆ, ನಿಯಮ ಒಪ್ಪಿದರೂ ಯುವ ವೈದ್ಯರ ಕೈ ಮುಂದೆ ಬರುವುದಿಲ್ಲ. ನಾಯಿ ಮೂರು ದಿನ ನರಳಿ ಸಾಯುತ್ತದೆ. ನಿಮ್ಮ ಬ್ಯಾನರ್‌ನಲ್ಲಿ ‘ದಯಾಮರಣ ನಿಷೇಧಿಸಿ’ ಎಂದಿದ್ದರೆ ಅಳಿಸಿ. ‘ಆರೋಗ್ಯವಂತ ನಾಯಿಯನ್ನು ಕೊಲ್ಲಬೇಡಿ’ ಎಂದು ಬರೆಯಿರಿ.

ಇಷ್ಟಾದ ಮೇಲೂ ಯಾರಾದರೂ ಕದ್ದುಮುಚ್ಚಿ ಕೊಂದರೆ ಪೊಲೀಸ್ ದೂರಿನಲ್ಲಿ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಹೆಸರಿಸಿ. ಐದು ವರ್ಷದವರೆಗೆ ಜೈಲು ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಒಂದನ್ನೇ ನಂಬಿ ಕೂರಬೇಡಿ. ಅದರಲ್ಲಿ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಒಂದು ಮಸಾಲೆ ದೋಸೆಗೂ ಸಾಲದು.

ಪ್ರಶ್ನೆ: ಬೀದಿ ನಾಯಿಗಳನ್ನೆಲ್ಲ ಒಂದೇ ಸಲ ಕೊಂದುಬಿಟ್ಟರೆ ಸಮಸ್ಯೆ ಮುಗಿಯುತ್ತದಲ್ವಾ?

ಮದ್ರಾಸಿನವರು ನೂರಮೂವತ್ತೈದು ವರ್ಷ ಮಾಡಿ ನೋಡಿದರು. ಮೇಲಿನ ಉತ್ತರ ಓದಿ.

ಪ್ರಶ್ನೆ: ಕೊಲ್ಲುವುದು ಬೇಡ, ಬೆಂಗಳೂರಿನ ಎಲ್ಲ ನಾಯಿಗಳನ್ನೂ ಶೆಲ್ಟರ್‌ನಲ್ಲಿಟ್ಟು ಸಾಕಲಿ. ಸರ್ಕಾರಕ್ಕೇನು ಕಷ್ಟ?

2023ರ ಸಮೀಕ್ಷೆಯಲ್ಲಿ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿ ನಾಯಿಗಳಿದ್ದವು. 2025ರಲ್ಲಿ ಬಿಬಿಎಂಪಿ ಐದು ಸಾವಿರ ನಾಯಿಗಳಿಗೆ ಚಿಕನ್ ಅನ್ನ ಹಾಕಲು ಹೊರಟಾಗ ಒಂದಕ್ಕೆ ದಿನಕ್ಕೆ ಸುಮಾರು 22 ರೂಪಾಯಿ ಲೆಕ್ಕ ಹಾಕಿತ್ತು. ಅದಕ್ಕೇ ಊರೆಲ್ಲ ಗದ್ದಲವಾಯಿತು. ಅದೇ ದರದಲ್ಲಿ ಎಲ್ಲಕ್ಕೂ ಹಾಕಿದರೆ ದಿನಕ್ಕೆ 60 ಲಕ್ಷ ದಾಟುತ್ತದೆ, ವರ್ಷಕ್ಕೆ 220 ಕೋಟಿಗೂ ಜಾಸ್ತಿ. ಜಾಗ, ಆಳು, ಔಷಧಿ ಬೇರೆ. ನಿಮ್ಮ ಬಡಾವಣೆಯ ಪಕ್ಕದಲ್ಲೇ ಶೆಲ್ಟರ್ ಕಟ್ಟುತ್ತೇವೆ ಅಂದರೆ ಮೊದಲ ಆಕ್ಷೇಪಣೆ ನಿಮ್ಮದೇ ಬರುತ್ತದೆ.

ಪ್ರಶ್ನೆ: ಫೋಟೊ ನೋಡಿ ನಾಯಿಯ ಮನಸ್ಸು ಓದುವವರೊಬ್ಬರು, ಶೆಲ್ಟರ್‌ನಲ್ಲಿರುವ ನಮ್ಮ ಬೀದಿ ನಾಯಿ ‘ಹೋಗಲು ಸಿದ್ಧವಾಗಿದೆ’ ಎಂದರು. ಬಿಟ್ಟುಕೊಡಬೇಕಾ?

ಎಷ್ಟು ಫೀಸು ಕೊಟ್ಟಿರಿ? ಅಷ್ಟರಲ್ಲಿ ಒಂದು ರಕ್ತ ಪರೀಕ್ಷೆ ಆಗುತ್ತಿತ್ತು. ಹೋಗಿ ನಾಯಿಯನ್ನೇ ನೋಡಿ.

ಪ್ರಶ್ನೆ: ಶೆಲ್ಟರ್‌ನಿಂದ ತಂದ ಮರಿಗೆ ಪಾರ್ವೊ. ಪರಂಗಿ ಎಲೆ ರಸ ಕುಡಿಸುತ್ತಿದ್ದೇವೆ, ವಾಂತಿ ನಿಲ್ಲುತ್ತಿಲ್ಲ.

ನಿಲ್ಲುವುದಿಲ್ಲ. ವಾಂತಿ ಮಾಡುವ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಈಗಲೇ ಆಸ್ಪತ್ರೆಗೆ ಒಯ್ದು ಡ್ರಿಪ್ ಹಾಕಿಸಿ. ರಸ ಹೇಳಿಕೊಟ್ಟವರ ನಂಬರ್ ಅಳಿಸಿಹಾಕಿ.

ಪ್ರಶ್ನೆ: ನಾವು ಟೆಕ್ಸಸ್‌ನಲ್ಲಿದ್ದೇವೆ. ಇಲ್ಲಿನ ಕೌಂಟಿ ಶೆಲ್ಟರ್‌ನಲ್ಲಿ ಜಾಗ ಇಲ್ಲದಾಗ ಆರೋಗ್ಯವಾಗಿರುವ ನಾಯಿಗಳನ್ನೂ ಕೊಲ್ಲುತ್ತಾರೆ. ಕನ್ನಡ ಸಂಘದಿಂದ ಏನು ಮಾಡಬಹುದು?

ಅಲ್ಲಿ ಅದು ಕಾನೂನುಬದ್ಧ, ಹಾಗಾಗಿ ನಮ್ಮ ಪತ್ರದ ದಾರಿ ನಡೆಯುವುದಿಲ್ಲ. ನಿಮ್ಮ ರಾಜ್ಯದ್ದೇ ಆಸ್ಟಿನ್ ನೋಡಿ. ಒಳಗೆ ಬಂದ ಪ್ರಾಣಿಗಳಲ್ಲಿ ನೂರಕ್ಕೆ 90ನ್ನು ಉಳಿಸಬೇಕೆಂದು ನಗರಸಭೆ 2010ರಲ್ಲಿ ನಿರ್ಣಯ ಮಾಡಿತು, 2011ರಲ್ಲಿ ಆ ಗುರಿ ಮುಟ್ಟಿತು. ಅದಕ್ಕೆ ಒಂದು ದೊಡ್ಡ ಕಾರಣ, ಮನೆಗಳು ನಾಯಿಗಳನ್ನು ತಾತ್ಕಾಲಿಕವಾಗಿ ಇಟ್ಟುಕೊಂಡದ್ದು. ಸಂಘದ ಯುಗಾದಿ ಊಟದ ದಿನ ಠರಾವು ಮಾಡುವ ಬದಲು, ಯಾವ ಯಾವ ಮನೆಯಲ್ಲಿ ಎರಡು ವಾರ ಒಂದು ನಾಯಿಗೆ ಜಾಗ ಇದೆ ಎಂದು ಪಟ್ಟಿ ಮಾಡಿ. ದೊಡ್ಡ ನಾಯಿಗೆ ಜಾಗ ಇರುವ ಮನೆಗಳನ್ನು ಮೊದಲು ಬರೆಯಿರಿ, ಪುಟ್ಟ ನಾಯಿಗಳನ್ನು ಹೇಗೂ ಯಾರಾದರೂ ಒಯ್ಯುತ್ತಾರೆ.

ಪ್ರಶ್ನೆ: ಶೆಲ್ಟರ್‌ನಲ್ಲಿ ನಾಯಿ ಕಚ್ಚಿತು. ಅಜ್ಜಿ ಗಾಯಕ್ಕೆ ಸುಣ್ಣ ಹಚ್ಚಿದ್ದಾರೆ. ನಾಯಿ ಹತ್ತು ದಿನ ಬದುಕಿರುತ್ತದೋ ನೋಡಿ ಲಸಿಕೆ ಹಾಕಿಸಬಹುದಾ?

ಈ ಸಾಲು ಓದುವುದನ್ನು ನಿಲ್ಲಿಸಿ. ಸುಣ್ಣ ತೊಳೆದು, ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಇವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೇಳಿ ಹಾಕಿಸಿಕೊಳ್ಳಿ. ನಾಯಿಯ ಮೇಲೆ ಹತ್ತು ದಿನ ಕಣ್ಣಿಡುವ ಕೆಲಸ ಶೆಲ್ಟರ್‌ನವರದ್ದು. ಕಚ್ಚಿದ್ದನ್ನು ಅವರಿಗೆ ಹೇಳಿ ಬರೆಸಿ, ಮುಚ್ಚಿಡಬೇಡಿ.