ಆ ಕೂಗಾಟದ ಆಲ್ಬಮ್‌ನಲ್ಲಿ ಕೇಳುವಂಥದ್ದೇನಿದೆ?

ನೀವು ಕೇಳಿರುವುದು ಇಷ್ಟು: ಅಮೆರಿಕದ ಅಂಡರ್‌ಓತ್ ಎಂಬ ಕ್ರೈಸ್ತ ರಾಕ್ ತಂಡದ ‘ದೇರ್ ಓನ್ಲಿ ಚೇಸಿಂಗ್ ಸೇಫ್ಟಿ’ ಆಲ್ಬಮ್ಮನ್ನು ಯಾರೋ ಬಾಯ್ತುಂಬ ಹೊಗಳಿದರು, ನೀವು ಎರಡು ಹಾಡು ಕೇಳಿ ನಿಲ್ಲಿಸಿಬಿಟ್ಟಿರಿ. ಗಂಟಲು ಹರಿದುಕೊಂಡು ಕೂಗುವುದನ್ನು ಸಂಗೀತವೆಂದು ಸವಿಯುವುದು ಹೇಗೆ, ಅದೂ ಆ ಧರ್ಮದವರಲ್ಲದವರು?

ನಾನೂ ನಿಲ್ಲಿಸಿದ್ದವನೇ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಕೇರಳದ ಹುಡುಗನೊಬ್ಬ ಪೆನ್‌ಡ್ರೈವಿನಲ್ಲಿ ಈ ಹತ್ತು ಹಾಡುಗಳನ್ನು ಕೊಟ್ಟ. ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದವನು, ಮಾತು ಕಡಿಮೆ. ಇಂಥ ಸಾಧು ಪ್ರಾಣಿ ಇಂಥ ಗದ್ದಲವನ್ನು ಏಕೆ ಕೇಳುತ್ತಾನೆಂಬುದೇ ನನಗೆ ಆಗ ಒಗಟಾಗಿತ್ತು. ಎರಡು ಹಾಡು ಕೇಳಿ ಬದಿಗಿಟ್ಟೆ. ಮತ್ತೆ ಹಚ್ಚಿದ್ದು ಒಂದು ಪರೀಕ್ಷೆಯಲ್ಲಿ ಫೇಲಾದ ರಾತ್ರಿ. ಆ ರಾತ್ರಿ ಅದು ಗದ್ದಲವೆನಿಸಲಿಲ್ಲ.

ಮೊದಲು ಆ ಕೂಗಿನ ವಿಷಯ. ನನ್ನ ಊರು ಕುಂದಾಪುರದ ಕಡೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬಂದು ಅಬ್ಬರಿಸುವಾಗ ‘ಇವನೇಕೆ ರಾಗವಾಗಿ ಹಾಡುತ್ತಿಲ್ಲ’ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ರಾಗಕ್ಕೆ ಹಿಂದೆ ಭಾಗವತರು ಕುಳಿತಿದ್ದಾರೆ. ಮುಂದೆ ಆರ್ಭಟ, ಹಿಂದೆ ಹಾಡು. ಎರಡೂ ಸೇರಿದರೇ ಪ್ರಸಂಗ. ಅಂಡರ್‌ಓತ್ ತಂಡದ ಕೂರುವ ವ್ಯವಸ್ಥೆಯೂ ಹೆಚ್ಚುಕಡಿಮೆ ಹೀಗೆಯೇ ಇದೆ. ಮುಂದೆ ಮೈಕ್ ಹಿಡಿದು ಕೂಗುವವನು ಸ್ಪೆನ್ಸರ್ ಚೇಂಬರ್ಲೇನ್. ಕಿವಿಯಲ್ಲಿ ಉಳಿಯುವ ಇಂಪಾದ ಸಾಲುಗಳನ್ನೆಲ್ಲ ಹಾಡುವವನು ಹಿಂದೆ ಕುಳಿತ ಡ್ರಮ್ಮರ್ ಆರನ್ ಗಿಲೆಸ್ಪಿ. ಡ್ರಮ್ ಬಾರಿಸುತ್ತಲೇ ಹಾಡುತ್ತಾನೆ, ಅದೂ ಆ ವೇಗದಲ್ಲಿ. ನನ್ನ ಮೊದಲ ಸಲಹೆ ಇದೇ: ಕೂಗನ್ನು ಹಿಂಬಾಲಿಸಬೇಡಿ, ಡ್ರಮ್ಮರನನ್ನು ಹಿಂಬಾಲಿಸಿ. ‘ರೀಇನ್ವೆಂಟಿಂಗ್ ಯುವರ್ ಎಕ್ಸಿಟ್’ ಹಾಡನ್ನು ಹಾಕಿಕೊಂಡು ಪಲ್ಲವಿಗಾಗಿ ಕಾಯಿರಿ. ಒಮ್ಮೆ ಆ ದನಿಯ ಕೈ ಹಿಡಿದರೆ ಮುಂದಿನವನ ಕೂಗು ಏಕೆ ಬೇಕಾಯಿತೆಂಬುದು ತಾನಾಗಿ ತಿಳಿಯುತ್ತದೆ. ಒಬ್ಬನೇ ಮನುಷ್ಯನ ಒಳಗಿನ ಎರಡು ದನಿಗಳು ಇವು. ಒಂದು ಸಮಾಧಾನ ಹೇಳಿಕೊಳ್ಳುತ್ತದೆ, ಇನ್ನೊಂದು ಒಪ್ಪುವುದಿಲ್ಲ.

ಈ ಜೋಡಣೆ ಆಕಸ್ಮಿಕವಾಗಿ ಒದಗಿದ್ದು. ಫ್ಲಾರಿಡಾದಲ್ಲಿ 1997ರಲ್ಲಿ ಹುಟ್ಟಿದ ತಂಡ ಇದು. ಮೊದಲ ಮೂರು ಆಲ್ಬಮ್‌ಗಳಲ್ಲಿ ಕೂಗುತ್ತಿದ್ದವನು ಡಲ್ಲಾಸ್ ಟೇಲರ್. ಆಗಿನ ಸಂಗೀತ ಇನ್ನೂ ಒರಟು. 2003ರಲ್ಲಿ ಅವನು ತಂಡ ಬಿಟ್ಟ. ಹೊಸಬನಾಗಿ ಚೇಂಬರ್ಲೇನ್ ಬಂದ. ಅಷ್ಟು ಹೊತ್ತಿಗೆ ತಂಡದ ಮೊದಲ ಕಾಲದವರಲ್ಲಿ ಉಳಿದಿದ್ದವನು ಗಿಲೆಸ್ಪಿ ಒಬ್ಬನೇ. ಧ್ವನಿಮುದ್ರಣವನ್ನು ನೋಡಿಕೊಂಡ ಜೇಮ್ಸ್ ಪಾಲ್ ವಿಸ್ನರ್, ಡ್ಯಾಶ್‌ಬೋರ್ಡ್ ಕನ್ಫೆಷನಲ್‌ನಂಥ ಮೆದು ದನಿಯವರ ಜೊತೆಗೂ ಕೆಲಸ ಮಾಡಿದ್ದವನು. ಇಂಪನ್ನು ಮುಂದಕ್ಕೆ ತರುವುದು ಹೇಗೆಂದು ಅವನಿಗೆ ಗೊತ್ತಿತ್ತು. 2004ರ ಜೂನ್‌ನಲ್ಲಿ ಆಲ್ಬಮ್ ಹೊರಬಂತು. ಇಂಥ ಸಂಗೀತವನ್ನು ಪೋಸ್ಟ್-ಹಾರ್ಡ್‌ಕೋರ್ ಎನ್ನುತ್ತಾರೆ. ಹಾಗೆಂದರೇನು ಎಂದು ತಲೆ ಕೆಡಿಸಿಕೊಳ್ಳಬೇಡಿ: ಹಾರ್ಡ್‌ಕೋರ್ ಪಂಕ್ ಎಂಬ ವೇಗದ, ಒರಟು ರಾಕ್‌ನ ಸಿಟ್ಟನ್ನು ಉಳಿಸಿಕೊಂಡು, ಅದರ ಒಂದೇ ಓಟದ ಲಯವನ್ನು ಮುರಿದು ಕಟ್ಟಿದ ಸಂಗೀತ ಎಂದುಕೊಂಡರೆ ಸಾಕು.

ಇನ್ನು ಕ್ರೈಸ್ತ ಎನ್ನುವ ಭಾಗ. ಉಪದೇಶ ಸಿಗುತ್ತದೆ ಎಂದುಕೊಂಡು ಹೋದರೆ ನಿರಾಶೆಯಾಗುತ್ತದೆ. ಇಲ್ಲಿರುವುದು ಬಹುಪಾಲು ತಪ್ಪು ಮಾಡಿದವರ ಮಾತು. ‘ಎ ಬಾಯ್ ಬ್ರಷ್ಡ್ ರೆಡ್’ ಎಂದು ಶುರುವಾಗುವ ಉದ್ದ ಹೆಸರಿನ ಹಾಡಿನಲ್ಲಿ ಎದೆ ಡವಗುಟ್ಟುತ್ತಿದೆ, ಹುಡುಗಿ ಹೆದರಿದ್ದಾಳೆ, ಹಿಂದಕ್ಕೆ ಬರಲಾಗದಷ್ಟು ದೂರ ಹೋಗಿಯಾಗಿದೆ. ಪರಿಹಾರವನ್ನು ಯಾರೂ ಬಂದು ಕೈಗಿಡುವುದಿಲ್ಲ. ಆಲ್ಬಮ್ಮಿನ ಹೆಸರನ್ನೇ ನೋಡಿ: ಅವರು ಬೆನ್ನಟ್ಟುತ್ತಿರುವುದು ಬರೀ ಸುರಕ್ಷತೆಯನ್ನು. ಅದು ಹೊರಗಿನವರಿಗೆ ಹಾಕಿದ ಬೈಗುಳವೆಂದು ನಾನು ಎಣಿಸಿದ್ದೆ. ಈಗ ಹಾಗನಿಸುವುದಿಲ್ಲ, ಚರ್ಚಿನ ಬೆಂಚಿನಲ್ಲಿ ಕುಳಿತವನೇ ತನ್ನನ್ನು ತಾನು ಹಂಗಿಸಿಕೊಂಡಂತಿದೆ. ದೇವರನ್ನು ಬೈದು ಹಾಡುವುದನ್ನೂ ಭಕ್ತಿಯೆಂದೇ ತಿಳಿದ ದಾಸರ ನಾಡಿನವರಿಗೆ, ಭಕ್ತಿ ಎಂದರೆ ನಯವಾಗಿಯೇ ಇರಬೇಕು ಎಂಬ ನಿಯಮವೇನೂ ಇಲ್ಲವಲ್ಲ.

ಇಲ್ಲಿ ನನ್ನದೊಂದು ಪೆದ್ದುತನವನ್ನು ಹೇಳಲೇಬೇಕು. ನನ್ನ ಹತ್ತಿರ ಆಗ ಇದ್ದದ್ದು ಅಗ್ಗದ ಎಂಪಿ3 ಪ್ಲೇಯರ್. ಅದು ಹಾಡುಗಳನ್ನು ಇಂಗ್ಲಿಷ್ ಅಕಾರಾದಿಯಲ್ಲಿ ನುಡಿಸುತ್ತಿತ್ತು. ಹಾಗಾಗಿ ಆಲ್ಬಮ್ಮಿನ ಮೊದಲ ಹಾಡಾದ ‘ಯಂಗ್ ಅಂಡ್ ಆಸ್ಪೈರಿಂಗ್’ ನನಗೆ ಕೊನೆಯ ಹಾಡಾಗಿತ್ತು. ಆರ್ಭಟದಿಂದ ತೆರೆಯಬೇಕಾದದ್ದು ಆರ್ಭಟದಿಂದ ಮುಗಿಯುತ್ತಿತ್ತು. ನಿಜವಾಗಿ ಕೊನೆಗಿರುವ ‘ಸಮ್ ವಿಲ್ ಸೀಕ್ ಫರ್ಗಿವ್‌ನೆಸ್, ಅದರ್ಸ್ ಎಸ್ಕೇಪ್’ ಏಳನೆಯದಾಗಿ ನಡುವೆಲ್ಲೋ ಬರುತ್ತಿತ್ತು. ಮೆಲುವಾದ ಹಾಡು, ನಾನು ಬಹಳ ಸಲ ದಾಟಿಸಿಬಿಡುತ್ತಿದ್ದೆ. ‘ದ ಬ್ಲೂ ನೋಟ್’ ಎಂಬ, ಒಂದು ನಿಮಿಷವೂ ಇಲ್ಲದ, ಮಾತಿಲ್ಲದ ತುಣುಕು ಅದರ ಬೆನ್ನಿಗೇ ಬಂದು ಏನೋ ಕೆಟ್ಟುಹೋದಂತೆ ಕೇಳಿಸುತ್ತಿತ್ತು. ಇಡೀ ಆಲ್ಬಮ್ ನನ್ನ ಲೆಕ್ಕದಲ್ಲಿ ಸಿಟ್ಟಿನಿಂದ ಸಿಟ್ಟಿಗೆ ಹೋಗುವ ಸಂಗೀತವಾಗಿತ್ತು. ಎರಡು ವರ್ಷ ಹೀಗೇ ಕೇಳಿದೆ.

ಸರಿಯಾದ ಅನುಕ್ರಮ ತಿಳಿದದ್ದು ಆ ಕೇರಳದ ಗೆಳೆಯನ ಲ್ಯಾಪ್‌ಟಾಪಿನಲ್ಲಿ. ‘ಬ್ಲೂ ನೋಟ್’ ಐದನೆಯದು, ನಡು ಹಾದಿಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗ. ಆಮೇಲೆ ಮತ್ತೆ ಏರು, ಮತ್ತೆ ಕೂಗು, ಸೋತರೂ ಪರವಾಗಿಲ್ಲ ಎನ್ನುವ ಒಂಬತ್ತನೆಯ ಹಾಡು. ಅದು ಮುಗಿದ ಮೇಲೆ ಆ ಕೊನೆಯ ಹಾಡು ಬಹು ಮೆಲ್ಲಗೆ ಶುರುವಾಗುತ್ತದೆ. ಅದರಲ್ಲಿ ಮಾತನಾಡುತ್ತಿರುವುದು ದೇವರೋ ಹಾಡುಗಾರನೋ ಎಂದು ತಟ್ಟನೆ ಹೇಳಲಾಗದು. ನಂಬಿಕೆ ಕಳೆದುಕೊಂಡವನನ್ನು ಕರೆದು, ನಿನಗೆ ಗಟ್ಟಿಯಾಗುವುದನ್ನು ಕಲಿಸುತ್ತೇನೆ ಎನ್ನುತ್ತದೆ ಆ ದನಿ. ಪ್ರೀತಿಸಲು ಬಾರದವನನ್ನು ಕರೆದು, ನಾನು ನಿನ್ನನ್ನು ಪ್ರೀತಿಸುತ್ತೇನೆ ಎನ್ನುತ್ತದೆ. ಅಷ್ಟಾದ ಮೇಲೆ ಯೇಸುವಿನ ಹೆಸರು ನೇರವಾಗಿ ಬರುತ್ತದೆ, ಮನೆಗೆ ಮರಳಲು ಸಿದ್ಧ ಎಂಬ ಮಾತಿನ ಜೊತೆಗೆ. ಒಂಬತ್ತು ಹಾಡುಗಳ ಗದ್ದಲ ದಾಟಿ ಬಂದವನ ಬಾಯಲ್ಲಿ ಆ ಹೆಸರಿಗಿರುವ ತೂಕ, ಅದನ್ನೇ ಮೊದಲ ಹಾಡಿನಲ್ಲಿ ಹಾಡಿದ್ದರೆ ಇರುತ್ತಿರಲಿಲ್ಲ. ನಾನು ಆ ಧರ್ಮದವನಲ್ಲ, ಆಗಲೂ ಈಗಲೂ. ಆದರೂ ಮನೆಗೆ ಹೋಗಬೇಕು ಎನ್ನುವುದು ಯಾರಿಗೆ ಅರ್ಥವಾಗುವುದಿಲ್ಲ? ಅಂದು ಗೆಳೆಯನ ಕಡೆ ನೋಡಿದೆ. ‘ನೀನು ಇಷ್ಟು ದಿನ ಹಿಂದುಮುಂದಾಗಿ ಕೇಳುತ್ತಿದ್ದೆಯಾ?’ ಎಂದು ನಕ್ಕುಬಿಟ್ಟ.

ಕುಂದುಗಳೂ ಇವೆ. ಹಾಡುಗಳ ಹೆಸರುಗಳು ವಿಪರೀತ ಉದ್ದ, ಆ ಕಾಲದ ಶೋಕಿ. ಗಿಟಾರಿನ ನಾದ ಕೆಲವೆಡೆ ತೆಳ್ಳಗಿದೆ. ಹದಿಹರೆಯದ ಗೋಳು ಒಂದೆರಡು ಕಡೆ ಅತಿಯಾಗಿದೆ. ಬಲ್ಲವರು ಹೆಚ್ಚು ಮೆಚ್ಚುವುದು 2006ರ ‘ಡಿಫೈನ್ ದ ಗ್ರೇಟ್ ಲೈನ್’ ಆಲ್ಬಮ್ಮನ್ನು. ಅದು ಮೊದಲ ವಾರವೇ ಸುಮಾರು 98,000 ಪ್ರತಿ ಮಾರಾಟವಾಗಿ ಅಮೆರಿಕದ ಜನಪ್ರಿಯ ಆಲ್ಬಮ್‌ಗಳ ಬಿಲ್‌ಬೋರ್ಡ್ 200 ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತ್ತು. ಇಷ್ಟು ಕರ್ಕಶ ಸಂಗೀತಕ್ಕೆ ಅದು ಸಣ್ಣ ಮಾತಲ್ಲ. ರಚನೆಯ ದೃಷ್ಟಿಯಿಂದ ಅದೇ ದೊಡ್ಡ ಕೃತಿ, ಒಪ್ಪುತ್ತೇನೆ. ಆದರೆ ಹೊಸಬರನ್ನು ಅಲ್ಲಿಗೆ ಮೊದಲೇ ಕಳುಹಿಸುವುದು ಈಜು ಬಾರದವನನ್ನು ನಡುಹೊಳೆಗೆ ಬಿಟ್ಟಂತೆ.

ಮುಂದಿನ ಕಥೆ ಅಷ್ಟು ಸರಳವಾಗಿಲ್ಲ. ಗಿಲೆಸ್ಪಿ 2010ರಲ್ಲಿ ತಂಡ ಬಿಟ್ಟ, 2013ರಲ್ಲಿ ತಂಡವೇ ಚದುರಿತು, ಎರಡು ವರ್ಷ ಕಳೆದು ಅವನನ್ನೂ ಸೇರಿಸಿಕೊಂಡು ಮತ್ತೆ ಒಂದಾಯಿತು. ಚೇಂಬರ್ಲೇನ್ ತನ್ನ ಮಾದಕ ವ್ಯಸನದ ಬಗ್ಗೆ ಬಹಿರಂಗವಾಗಿ ಮಾತನಾಡಿದ್ದಾನೆ. 2018ರ ‘ಇರೇಸ್ ಮಿ’ ಹೊತ್ತಿಗೆ ತಾವಿನ್ನು ಕ್ರೈಸ್ತ ತಂಡವಲ್ಲವೆಂದು ಅವರೇ ಹೇಳಿಕೊಂಡರು. ಹಾಗಾದರೆ ಆ ಕೊನೆಯ ಹಾಡು ಸುಳ್ಳಾಯಿತೇ ಎಂದು ಗೆಳೆಯನಿಗೆ ಫೋನ್ ಮಾಡಿ ಕೇಳಿದ್ದೆ. ಅವನು ಈಗಲೂ ಭಾನುವಾರ ಚರ್ಚಿಗೆ ಹೋಗುತ್ತಾನೆ. ‘ಹಾಡಿದ ದಿನ ನಿಜವಾಗಿತ್ತಲ್ಲ’ ಎಂದಷ್ಟೇ ಹೇಳಿ, ಮಗಳ ಶಾಲೆಯ ವಿಷಯ ಎತ್ತಿದ.

ನೀವು ಮಾಡಬೇಕಾದ್ದು ಇಷ್ಟೇ: ಮೊದಲು ‘ರೀಇನ್ವೆಂಟಿಂಗ್ ಯುವರ್ ಎಕ್ಸಿಟ್’ ಒಂದನ್ನೇ ಎರಡು ಮೂರು ದಿನ ಕೇಳಿ. ಆಮೇಲೆ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ, ನಡುವೆ ಏಳದೆ ಕೇಳಿ. ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಮೊಬೈಲಿನಲ್ಲಿ ಹಾಡುಗಳ ಕ್ರಮವನ್ನು ಕಲಸುವ ಷಫಲ್ ಆಫ್ ಆಗಿದೆಯೇ ಎಂದು ಮಾತ್ರ ಎರಡು ಸಲ ನೋಡಿಕೊಳ್ಳಿ.